ಮೂರನೆಯ ಮಂಚದ ದನಿ

ನಾನು ಧಾರವಾಡಕ್ಕೆ ಬಂದಿಳಿದ ದಿನ ಸಂಜೆ, ನನ್ನ ಕಣ್ಣೆದುರಿಗಿದ್ದ ಖಾಲಿ ಮಂಚವೊಂದು ಹೆಸರು ಕರೆದಾಗ ಓಗೊಟ್ಟಿತು.

ಹೀಗೆ ಬರೆದರೆ ಕೊಳ್ಳೇಗಾಲದ ಕಡೆಯ ನಮ್ಮ ಜನ ನಗುತ್ತೀರಿ ಎಂದು ಗೊತ್ತು. ಮಾತು ಕಲಿತದ್ದೇ ಅಜ್ಜಿಯ ತೊಡೆಯ ಮೇಲೆ, ಅವಳ ಕತೆಗಳಲ್ಲಿ ಒರಳುಕಲ್ಲು ಅಳುತ್ತದೆ, ಬಾವಿ ಹೆಸರು ಹಿಡಿದು ಕೂಗುತ್ತದೆ, ಮೊಮ್ಮಗಳೂ ಅದೇ ಜಾಡು ಹಿಡಿದಳು ಎನ್ನುತ್ತೀರಿ. ಆದರೆ ಇದು ಕತೆಯಲ್ಲ. ಹೊಸ ಊರಿನಲ್ಲಿ ನಾನು ಹೇಗೆ ಬೇರು ಬಿಟ್ಟೆ ಎಂದು ಎಷ್ಟೋ ಜನ ಕೇಳಿದಿರಿ. ಅದನ್ನು ಹೇಳಬೇಕಾದರೆ ಆ ಮಂಚದಿಂದಲೇ ಶುರುಮಾಡಬೇಕು.

ಮಾಳಮಡ್ಡಿಯಲ್ಲಿ ಒಂದು ಹಳೆಯ ಎರಡಂತಸ್ತಿನ ಮನೆ. ನಡುವೆ ಅಂಗಳ, ಸುತ್ತ ಕೋಣೆಗಳು. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ನಮ್ಮದು ಹೆಣ್ಣುಮಕ್ಕಳ ಕಾಲೇಜು, ಈ ಮನೆ ಅಲ್ಲಿನ ಹುಡುಗಿಯರಿಗಾಗಿ ಇರುವ ಹಾಸ್ಟೆಲು. ಮಹಡಿಯ ಮೂಲೆಯ ಖೋಲಿಯಲ್ಲಿ ನನಗೆ ಬಾಗಿಲ ಬದಿಯ ಮಂಚ ಸಿಕ್ಕಿತ್ತು. ಕಿಟಕಿಯ ಬದಿಗೆ ಶಮೀಮ್. ಹುಬ್ಬಳ್ಳಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವರ ಮಗಳು, ಎರಡನೇ ವರ್ಷದ ಬಿ.ಎ. ಒಳಗೋಡೆಗೆ ಹತ್ತಿಕೊಂಡಿದ್ದ ಮೂರನೆಯ ಮಂಚದ ಮೇಲೆ ಒಂದು ಕೌದಿ, ಎಂದರೆ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಹೊದಿಕೆ, ಈಗಷ್ಟೇ ಯಾರೋ ಎದ್ದುಹೋದ ಹಾಗೆ ಅರ್ಧ ಮಡಚಿ ಬಿದ್ದಿತ್ತು.

"ಇದು ಯಾರದು?" ಎಂದು ಕೇಳಿದೆ.

"ಕಮಲಿದು," ಎಂದಳು ಶಮೀಮ್, ನನ್ನ ಕಡೆ ತಿರುಗದೆ.

"ಎಲ್ಲಿದ್ದಾರೆ?"

"ಇಲ್ಲೇ ಅದಾಳ."

ದೀಪ ಹಚ್ಚುವ ಹೊತ್ತಾಯಿತು. ಕೆಳಗೆ ಅಂಗಳದ ಕುರ್ಚಿಯಲ್ಲಿ ವಾರ್ಡನ್ ಬಂದು ಕೂತರು. ಕಲಿಸುವ, ನೋಡಿಕೊಳ್ಳುವ ಹೆಂಗಸರನ್ನು ಇಲ್ಲಿ ಅಕ್ಕೋರು ಎಂದು ಕರೆಯುತ್ತಾರೆ. ಅಕ್ಕನಿಗೂ ಗೌರವಕ್ಕೂ ನಡುವಿನ ಮಾತು. ಈ ಅಕ್ಕೋರಿಗೆ ಮೊಣಕಾಲು ನೋವು, ಮಹಡಿ ಹತ್ತುವುದು ಅಪರೂಪ. ಹಾಗಾಗಿ ಕೂತಲ್ಲಿಂದಲೇ ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಹುಡುಗಿಯರು ತಂತಮ್ಮ ಖೋಲಿಯೊಳಗಿಂದ "ಅದೀನ್ರಿ" ಎನ್ನುತ್ತಾರೆ. ಇದ್ದೇನೆ ಎಂದರ್ಥ. ಕತ್ತಲಾಗುತ್ತಿದ್ದ ಮನೆಯ ಬಾಗಿಲುಗಳಿಂದ ಒಂದೊಂದೇ ದನಿ ಹೊರಬಿದ್ದು ಅಂಗಳಕ್ಕೆ ಇಳಿಯುತ್ತಿತ್ತು.

"ಕಮಲಾ!"

"ಅದೀನ್ರಿ ಅಕ್ಕೋರ," ಎಂದಿತು ಮೂರನೆಯ ಮಂಚ.

ತೆಳ್ಳನೆಯ, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಏಳುವ ದನಿ. ಆ ಗೋಡೆಯ ಕಡೆಯಿಂದಲೇ ಬಂತು. ಮಂಚದ ಮೇಲೆ ಕೌದಿ ಬಿಟ್ಟರೆ ಏನೂ ಇರಲಿಲ್ಲ. ಶಮೀಮ್ ನನಗೆ ಬೆನ್ನು ಮಾಡಿ ನಿಂತು ಜಡೆ ಹೆಣೆಯುತ್ತಿದ್ದಳು.

ಅಷ್ಟರಲ್ಲಿ ಕೆಳಗಿನಿಂದ "ಮಾದೇವಿ!" ಎಂದು ನನ್ನ ಹೆಸರು ಬಂತು. ಗಾಬರಿಯಲ್ಲಿ ಮನುಷ್ಯನಿಗೆ ತಾಯಿಯ ಮಾತೇ ಬರುವುದು. ನನಗಂತೂ ಅಜ್ಜಿಯ ಮಾತು ಬಂತು. "ಇವ್ನಿ ಕನ್ರವ್ವೋ!" ಎಂದು ಹೊಲದ ಆಚೆ ದಿಂಡಿಗೆ ಕೇಳುವ ಹಾಗೆ ಕೂಗಿಬಿಟ್ಟೆ. ಎಲ್ಲ ಬಾಗಿಲುಗಳೂ ಒಟ್ಟಿಗೆ ನಕ್ಕವು. ಅಕ್ಕೋರೂ ನಕ್ಕು, "ಕೊಳ್ಳೇಗಾಲದ ಗಾಡಿ ಬಂತು ನೋಡ್ರವಾ," ಎಂದರು. ಅವತ್ತಿನಿಂದ ನನ್ನ ಹಾಜರಿ ಅದೇ ಆಯಿತು. ಬದಲಿಸಲು ಹೋದರೆ ಅಕ್ಕೋರೇ ಬಿಡುತ್ತಿರಲಿಲ್ಲ.

ನಕ್ಕರಲ್ಲ, ಇನ್ನು ಮಾತಾಡಿಸುತ್ತಾರೆ ಎಂದುಕೊಂಡೆ. ಮಾತಾಡಿಸಲಿಲ್ಲ.

ನಮ್ಮ ಕಡೆ ಬೇಡವಾದವರನ್ನು ನೇರವಾಗಿ ಬೈಯುತ್ತಾರೆ, ಸಂಜೆಗೆ ಕರೆದು ಉಣ್ಣಿಸುತ್ತಾರೆ. ಇಲ್ಲಿ ಜಗಳಕ್ಕೂ ಮರ್ಯಾದೆಯುಂಟು. ಬಚ್ಚಲಲ್ಲಿ ತಡಮಾಡಿದವಳಿಗೆ ಹೊರಗಿನವಳು "ಜಳಕ ಮುಗೀತೇನ್ರಿ ಮಹಾರಾಣೇರ? ಹೊರಗ ಬರ್ರಿ, ಆರತಿ ಮಾಡ್ತೇವಿ!" ಎನ್ನುತ್ತಾಳೆ. ಒಳಗಿನವಳು "ತಡೀರಿ, ಪಲ್ಲಕ್ಕಿ ಬರಲಿ!" ಎನ್ನುತ್ತಾಳೆ. ಕೇಳಲು ಎಷ್ಟು ಚೆಂದ! ಆದರೆ ನನ್ನ ಸರದಿಯಲ್ಲಿ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ನಾನು ಪಡಸಾಲೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಊಟದ ಸಾಲಿನಲ್ಲಿ ನನ್ನ ಎರಡೂ ಬದಿಗೆ ಒಂದೊಂದು ಜಾಗ ತಾನಾಗಿಯೇ ಖಾಲಿ ಉಳಿಯುತ್ತಿತ್ತು. ಮುದ್ದೆಯನ್ನು ಸದ್ದಿಲ್ಲದೆ ನುಂಗಿ ಬೆಳೆದವಳು ನಾನು. ಇಲ್ಲಿಯ ಒಣಗಿದ ಜೋಳದ ರೊಟ್ಟಿ ಮುರಿದರೆ ಕಡ್ಡಿ ಮುರಿದ ಹಾಗೆ ಸದ್ದು. ಮೌನದ ನಡುವೆ ನನ್ನ ರೊಟ್ಟಿಯ ಸದ್ದು ನನಗೇ ಕೇಳುತ್ತಿತ್ತು.

ಕಮಲಾ ಮಾತ್ರ ಎಲ್ಲೆಡೆಯೂ ಇದ್ದಳು.

ಮೆಟ್ಟಿಲ ಬುಡದ ಕಟ್ಟೆಯ ಮೇಲೆ ಎಲ್ಲರ ಚಪ್ಪಲಿ ಸಾಲಾಗಿರುತ್ತಿದ್ದವು. ನೀಲಿ ಪಟ್ಟಿಯ ಒಂದು ಜೋಡು ಕಮಲಾಳದು. ಬೆಳಿಗ್ಗೆ ಎಡಕ್ಕಿದ್ದದ್ದು ಮಧ್ಯಾಹ್ನ ಬಲಕ್ಕಿರುತ್ತಿತ್ತು, ಅಟ್ಟೆಗೆ ಹಸಿ ಕೆಂಪು ಮಣ್ಣು ಮೆತ್ತಿರುತ್ತಿತ್ತು. ಹಗ್ಗದ ಮೇಲೆ ಅವಳ ಕಿತ್ತಳೆ ಬಣ್ಣದ ಚೂಡಿದಾರ ನೀರು ತೊಟ್ಟಿಕ್ಕುತ್ತಿತ್ತು. ಊಟದ ತಟ್ಟೆಗೆ ಇಲ್ಲಿ ತಾಟು ಎನ್ನುತ್ತಾರೆ. ಹೆಸರು ಕೊರೆಸಿದ ಅವಳ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ ಮಹಡಿಗೆ ಹೋಗುತ್ತಿತ್ತು, ಬರಿದಾಗಿ ಬರುತ್ತಿತ್ತು. ಬೆಳಿಗ್ಗೆ ನಾನು ಎದ್ದಾಗ ಮಡಚಿಯೇ ಇದ್ದ ಕೌದಿ, ಮುಖ ತೊಳೆದು ಬರುವಷ್ಟರಲ್ಲಿ ಬಿಚ್ಚಿ ಮುದುಡಿರುತ್ತಿತ್ತು. "ಕಮಲಿ ಇವತ್ತ ಪಲ್ಯಾ ಪೂರಾ ತಿಂದಾಳ," "ಕಮಲಿ ಅರಬಿ ಒಣಗ್ಯಾವೇನ ನೋಡಬೇ," ಎಂದು ಹುಡುಗಿಯರು ಸಹಜವಾಗಿ ಆಡಿಕೊಳ್ಳುತ್ತಿದ್ದರು. ಅರಬಿ ಎಂದರೆ ಬಟ್ಟೆ. ಪ್ರತಿ ಸಂಜೆ ಗೋಡೆಯ ಕಡೆಯಿಂದ ಅದೇ ತೆಳ್ಳನೆಯ ದನಿ ಬರುತ್ತಿತ್ತು.

ಒಂದು ದಿನ ಕನ್ನಡಿ ನೋಡಿಕೊಂಡೆ. ನಗಬೇಡಿ. ನಾನು ಕಾಣುತ್ತಿದ್ದೇನೆಯೇ ಎಂದು ನೋಡಿದೆ. ಆ ಮನೆಯಲ್ಲಿ ಇಲ್ಲದವಳಿಗೆ ಊಟ, ಉಡುಗೆ, ಮಾತು ಎಲ್ಲವೂ ಇದ್ದವು. ದೆವ್ವ ಅವಳಲ್ಲ, ನಾನೇ ಇರಬಹುದೆ ಎನ್ನಿಸಿಬಿಟ್ಟಿತ್ತು.

ಅದರ ನಡುವೆ ಭಾನುವಾರ ಮಾವ ಬಂದ. ಅಮ್ಮನ ತಮ್ಮ. ಹುಬ್ಬಳ್ಳಿಯ ದುರ್ಗದಬೈಲಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ರೇಷ್ಮೆಯ ಊರಿನವನು, ಸೀರೆ ಮುಟ್ಟಿ ಬೆಲೆ ಹೇಳುತ್ತಾನೆ. ನಾನು ಇಷ್ಟು ದೂರ ಓದಲು ಬಂದದ್ದೂ ಅವನಿದ್ದಾನೆ ಎಂಬ ಧೈರ್ಯದಿಂದಲೇ. ರಾಗಿಹಿಟ್ಟಿನ ಗಂಟು ಕೈಗಿಟ್ಟು, ಅಂಗಳದ ನಡುವೆ ನಿಂತು ಅವನು ದೊಡ್ಡ ಗಂಟಲಲ್ಲಿ ಹೇಳಿದ: "ಏನೂ ಯೋಚ್ನೆ ಮಾಡ್ಬೇಡ ಮಗಾ. ವಾರ್ಡನ್ನಮ್ಮೋರು ನಮ್ಮಂಗ್ಡಿ ಗಿರಾಕಿ. ಹೇಳಿವ್ನಿ. ಇಲ್ಲೇನಾದ್ರೂ ನಡುದ್ರೆ ಅವ್ರ ಕಿವಿಗೆ ಹಾಕು."

ಮಹಡಿಯ ಕಟಕಟೆಗೆ ಒರಗಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಸರಿದರು. ಮೇಲೆ ಹೋದಾಗ ಶಮೀಮ್ ಮೊದಲ ಸಲ ತಾನಾಗಿ ಮಾತಾಡಿದಳು.

"ನಿನ್ನ ಮಂಚದಾಗ ಮೊದಲ ಯಾರಿದ್ದಳು ಗೊತ್ತೈತೇನು?"

"ಇಲ್ಲ."

"ರೇಣುಕಾ. ಅಕ್ಕನ ಬಾಣಂತನಕ್ಕ ಊರಿಗೆ ಹೋಗಿದ್ಲು. ರಜಾದ ಮ್ಯಾಲ ಒಂದ ವಾರ ತಡಾ ಆತು. ಬರೂದ್ರಾಗ ನಿನ್ನ ಟ್ರಂಕು ಬಂದ ಕುಂತಿತ್ತು. ಈಗ ಹೊಲದಾಗ ಕಸಾ ತಗ್ಯಾಕತ್ತಾಳಂತ." ಕೌದಿಯ ಅಂಚನ್ನು ಅವಳು ಸರಿಮಾಡಿದಳು. "ಹೋಗು, ಇದನೂ ಕಿವಿಗೆ ಹಾಕು."

ಈ ಹಾಸ್ಟೆಲಿನ ನಿಯಮ ಅದು. ಮಂಚ ಖಾಲಿ ಬಿದ್ದರೆ ಕಾದು ಕೂತ ಮುಂದಿನ ಹುಡುಗಿಗೆ ಹೋಗುತ್ತದೆ. ಇನ್ನೊಬ್ಬಳ ಓದನ್ನು ಕೆಳಗೆ ಹಾಕಿಕೊಂಡು ನಾನು ಮಲಗುತ್ತಿದ್ದೆ, ಗೊತ್ತೇ ಇರಲಿಲ್ಲ. ಅವತ್ತು ರಾಗಿಹಿಟ್ಟಿನ ಗಂಟು ಬಿಚ್ಚಲು ಮನಸ್ಸಾಗಲಿಲ್ಲ.

ಅದಾದ ಕೆಲವೇ ದಿನಕ್ಕೆ ತಲೆನೋವೆಂದು ಮಧ್ಯಾಹ್ನವೇ ಕಾಲೇಜಿನಿಂದ ಬಂದೆ. ಅಕ್ಕೋರು ಒಳಗೆ ಮಲಗಿದ್ದರು. ರಣ ಬಿಸಿಲು, ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ. ಬಾಗಿಲಲ್ಲೇ ನನ್ನ ಕಾಲು ನಿಂತಿತು. ನೀಲಿ ಪಟ್ಟಿಯ ಚಪ್ಪಲಿ ನಡೆಯುತ್ತಿದ್ದವು.

ಅವುಗಳೊಳಗೆ ಶಮೀಮಳ ಕಾಲಿತ್ತು. ಹಿಮ್ಮಡಿ ಅಟ್ಟೆಯಿಂದ ಹೊರಗೆ ಚಾಚಿತ್ತು. ಅವಳ ಅಳತೆಯದಲ್ಲ ಅದು. ನೀರು ಚೆಲ್ಲಿದ ಮಣ್ಣಿನಲ್ಲಿ ಹೋಗಿ ಬಂದು ಚಪ್ಪಲಿಗಳನ್ನು ಕಟ್ಟೆಯ ಮೇಲೆ ಬಲಕ್ಕಿಟ್ಟಳು. ಒಣಗಿ ಗರಿಗರಿಯಾಗಿದ್ದ ಕಿತ್ತಳೆ ಚೂಡಿದಾರವನ್ನು ಹಗ್ಗದಿಂದ ತೆಗೆದು, ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮತ್ತೆ ಹರವಿದಳು. ನಾನು ಹಿಂದಿನಿಂದ ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ. ಖೋಲಿಯಲ್ಲಿ ಅವಳು ಮೂರನೆಯ ಮಂಚದ ಮೇಲೆ ಮಗ್ಗುಲಾಗಿ ಮಲಗಿ, ಮೊಣಕಾಲು ಎದೆಗೆ ಎಳೆದುಕೊಂಡು, ಅಂಗೈ ಕೆನ್ನೆಗಿಟ್ಟುಕೊಂಡಳು. ಶಮೀಮ್ ಮಲಗುವುದು ಕೈಕಾಲು ಚೆಲ್ಲಿ ಅಂಗಾತ, ದಿನವೂ ನೋಡಿದ್ದೇನೆ. ಇದು ಬೇರೆ ಯಾರೋ ಮಲಗುವ ರೀತಿ. ಸ್ವಲ್ಪ ಹೊತ್ತು ಹಾಗೇ ಇದ್ದು ಎದ್ದಳು. ಕೌದಿಯ ಮೇಲೆ ಸಣ್ಣ ಮೈಯೊಂದರ ಅಚ್ಚು ಉಳಿಯಿತು.

ನಾನು ಕೆಳಗೆ ಓಡಿದೆ. ಒಬ್ಬರ ಚಪ್ಪಲಿಗೆ ಕಾಲು, ಹಾಸಿಗೆಗೆ ಮೈ, ಹೆಸರಿಗೆ ದನಿ ಕೊಟ್ಟರೆ ಅವರು ಒಳಗೆ ಬಂದು ಕೂರುತ್ತಾರೆ ಎನ್ನುತ್ತಿದ್ದಳು ಅಜ್ಜಿ. ಕಮಲಾ ಸತ್ತಿದ್ದಾಳೆ, ಶಮೀಮಳ ಮೈಮೇಲೆ ಬರುತ್ತಿದ್ದಾಳೆ ಎಂದೇ ನಂಬಿದೆ. ಮಾವನಿಗೆ ಫೋನು ಮಾಡಲು ಹೊರಟವಳು ನಿಂತೆ. ರೇಣುಕಾಳ ನೆನಪಾಯಿತು. ನಾನೇನು ಹೇಳಿದರೂ ಅದು ಅಕ್ಕೋರ ಕಿವಿಗೆ ಹೋಗುತ್ತದೆ.

ಮರುದಿನ ಶಮೀಮಳಿಗೆ ಜ್ವರ. ಗಂಟಲು ಕಟ್ಟಿ ಉಸಿರಷ್ಟೇ ಬರುತ್ತಿತ್ತು. ಸಂಜೆ ಅಕ್ಕೋರ ಹಾಜರಿ ಶುರುವಾಯಿತು.

"ಕಮಲಾ!"

ಗೋಡೆ ಸುಮ್ಮನಿತ್ತು.

ಶಮೀಮ್ ಎದ್ದು ಕೂತು ಗೋಡೆಗೆ ಮುಖಮಾಡಿ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಪಕ್ಕದ ಖೋಲಿಗಳ ಹುಡುಗಿಯರು ಬರಿಗಾಲಲ್ಲಿ ಬಂದು ನಮ್ಮ ಬಾಗಿಲಲ್ಲಿ ಗುಂಪುಗೂಡಿದರು. ಎಲ್ಲರ ಕಣ್ಣೂ ಆ ಮಂಚದ ಮೇಲೆ. ಒಬ್ಬಳು ತೆಳ್ಳನೆಯ ದನಿ ಮಾಡಲು ನೋಡಿ ಬರಿದೇ ಕೆಮ್ಮಿದಳು.

"ಕಮಲಾ! ಎಲ್ಲಿ ಅದಿಯವಾ?" ಕೆಳಗೆ ಕುರ್ಚಿ ಕಿರುಗುಟ್ಟಿತು. ಅಕ್ಕೋರು ಏಳುತ್ತಿದ್ದರು. ಮೆಟ್ಟಿಲ ಕಡೆ ಒಂದು ಹೆಜ್ಜೆಯ ಸದ್ದಾಯಿತು.

ಆಗ ನನಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಮಹಡಿ ಹತ್ತದ ಅಕ್ಕೋರು ಕೂತಲ್ಲಿಂದ ಹುಡುಗಿಯರನ್ನು ಎಣಿಸುವುದು ಚಪ್ಪಲಿಯಲ್ಲಿ, ಹಗ್ಗದ ಬಟ್ಟೆಯಲ್ಲಿ, ತಾಟಿನಲ್ಲಿ, ದನಿಯಲ್ಲಿ. ಅಷ್ಟಿದ್ದರೆ ಹುಡುಗಿ ಇದ್ದಾಳೆ ಎಂದರ್ಥ. ಇವರು ಅಷ್ಟನ್ನೂ ಸೇರಿಸಿ ಒಬ್ಬ ಹುಡುಗಿಯನ್ನು ಇಲ್ಲಿ ಉಳಿಸಿಕೊಂಡಿದ್ದರು, ಮಂಚ ಇನ್ನೊಬ್ಬಳಿಗೆ ಹೋಗದಿರಲೆಂದು. ನನ್ನಂಥವಳಿಗೆ ಹೋಗದಿರಲೆಂದು.

ಅಜ್ಜಿ ಕತೆ ಹೇಳುವಾಗ ಹುಲಿಯ ದನಿ, ಹಸುವಿನ ದನಿ, ಸೊಸೆಯ ದನಿ ಎಲ್ಲವನ್ನೂ ಅವಳೊಬ್ಬಳೇ ಮಾಡುತ್ತಿದ್ದಳು. ನಾನು ಹಿಂದೆ ಹಿಂದೆ ಕಲಿಯುತ್ತಿದ್ದೆ. ಗೋಡೆಗೆ ಮುಖ ಕೊಟ್ಟು, ಗಂಟಲನ್ನು ತೆಳ್ಳಗೆ ಮಾಡಿ, ಕೊನೆಯನ್ನು ಸ್ವಲ್ಪ ಎತ್ತಿ ಹೇಳಿದೆ:

"ಅದೀನ್ರಿ ಅಕ್ಕೋರ. ಜಳಕಕ್ಕ ಹೋಗಿದ್ದೆ."

ಹೆಜ್ಜೆ ನಿಂತಿತು. "ಸಂಜೀ ಮುಂದ ಎಂಥಾ ಜಳಕವಾ!" ಎನ್ನುತ್ತ ಅಕ್ಕೋರು ವಾಪಸು ಕೂತರು. ಬಾಗಿಲಲ್ಲಿದ್ದವರು ನನ್ನನ್ನು ನೋಡಿದರು. ಮೊದಲ ಸಲ ನನ್ನನ್ನೇ ನೋಡಿದರು. ಆದರೆ ಅವರ ಮುಖದಲ್ಲಿ ಸಮಾಧಾನದ ಜೊತೆ ಇನ್ನೇನೋ ಇತ್ತು. ಒಬ್ಬಳಂತೂ ಕೈ ನೀವಿಕೊಂಡಳು, ರೋಮ ಎದ್ದಿದ್ದವು.

"ಮಾದೇವಿ!" ಎಂದರು ಕೆಳಗೆ, ನಡುವಿನ ಹೆಸರುಗಳು ಮುಗಿದ ಮೇಲೆ.

ಬಾಯಿ ತೆರೆದೆ. ಬರಬೇಕಾದದ್ದು ಬರಲಿಲ್ಲ. ಆ ತೆಳ್ಳನೆಯ ದನಿಯೇ ನಾಲಗೆಯ ತುದಿಯಲ್ಲಿ ಕೂತಿತ್ತು, ಏಳಲೊಲ್ಲದು. ಮತ್ತೊಮ್ಮೆ ಕರೆದ ಮೇಲೆ ಹೇಗೋ ಅಜ್ಜಿಯ ಕೂಗನ್ನು ಹೊಟ್ಟೆಯಿಂದ ಎಳೆದು ತಂದೆ. "ಕೊಳ್ಳೇಗಾಲದ ಗಾಡಿ ಇವತ್ತ ಲೇಟಲಾ," ಎಂದರು ಅಕ್ಕೋರು.

ಶಮೀಮ್ ಜ್ವರದಲ್ಲೇ ಸ್ಟೋವಿನ ಮೇಲೆ ಚಹಾ ಮಾಡಿ ನನ್ನ ಕೈಗೆ ಕೊಟ್ಟಳು. ಪಿಸುದನಿಯಲ್ಲಿ ಎಲ್ಲ ಹೇಳಿದಳು. ಕಮಲಾ ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಊರಿನ ರೈತರ ಮನೆಯವಳು. ತಾಯಿಗೆ ಲಕ್ವ ಹೊಡೆದಿದೆ. ನೋಡಿಕೊಳ್ಳಲು ದೊಡ್ಡಮ್ಮ ಬರುವತನಕ ಇವಳೇ ಇರಬೇಕು. ತರಗತಿಗೆ ಡಾಕ್ಟರ ಚೀಟಿ ನಡೆಯುತ್ತದೆ, ಈ ಮಂಚಕ್ಕೆ ನಡೆಯುವುದಿಲ್ಲ.

"ಆಕಿ ಅಪ್ಪ ಅಂದಾನ, ಹಾಸ್ಟೆಲ್ ಇದ್ರ ಕಾಲೇಜು, ಇಲ್ಲಾಂದ್ರ ಮನಿ ಅಂತ. ಮಂಚಾ ಹೋತಂದ್ರ ಓದೂ ಹೋತು. ಅದಕ್ಕ ಆಕೀನ್ನ ಇಲ್ಲೇ ಇಟಗೊಂಡೇವಿ."

"ಮತ್ತೆ ಆ ರೊಟ್ಟಿ ತಿನ್ನೋದು?"

"ನಾನಬೇ! ನನ್ನೆರಡು, ಆಕಿವೆರಡು. ನೋಡ, ಹೆಂಗ ಉಬ್ಬೇನಿ! ಕಮಲಿ ಬರೂದ್ರಾಗ ನಾ ಬಾಗಲದಾಗ ಹಿಡ್ಯಾಂಗಿಲ್ಲ."

ನಕ್ಕೆವು. ಈ ಊರಿಗೆ ಬಂದಮೇಲೆ ಅದು ನನ್ನ ಮೊದಲ ನಗು. ಮರುದಿನ ಊಟದ ಸಾಲಿನಲ್ಲಿ ನನ್ನ ಎರಡೂ ಬದಿ ತುಂಬಿದವು. ಭಾನುವಾರ ನಾನು ಮುದ್ದೆ ಕಟ್ಟಿದೆ. "ಅಗಿಯಂಗಿಲ್ಲಾ? ಹಂಗ ನುಂಗೂದಾ? ಗುಳಿಗಿ ನುಂಗಿದಂಗ?" ಎಂದು ಕಿರುಚಾಡಿ, ಕಣ್ಣು ಮುಚ್ಚಿಕೊಂಡು ನುಂಗಿದರು. ಬಚ್ಚಲ ಬಾಗಿಲನ್ನು ನನಗೂ ಬಡಿದರು, ನನಗೂ ಪಲ್ಲಕ್ಕಿ ತರಿಸಿದರು. ಗೆದ್ದೆ ಅನ್ನಿಸಿತು.

ಸಂಜೆಯ ಹಾಜರಿ ಮಾತ್ರ ಶಮೀಮಳ ಗಂಟಲು ಸರಿಯಾದ ಮೇಲೂ ನನ್ನ ಪಾಲಿಗೇ ಉಳಿಯಿತು. "ನಿಂದ ಛಲೋ ಆಗತೈತಿ, ಖರೇ ಕಮಲಿ ಅಂದಂಗ," ಎಂದರು ಎಲ್ಲರೂ. ಖರೇ ಕಮಲಿಯನ್ನು ನಾನು ನೋಡಿಯೇ ಇರಲಿಲ್ಲ. ಆದರೂ ದಿನದಿನಕ್ಕೆ ಅವಳ ದನಿಗೆ ಒಂದೊಂದು ಕುಸುರಿ ಸೇರುತ್ತಿತ್ತು. ಒಂದು ಸಣ್ಣ ಎಳೆತ, ಮಾತಿಗೆ ಮೊದಲು ಒಂದು ಉಸಿರು. ನಾನಾಗಿ ಸೇರಿಸುತ್ತಿರಲಿಲ್ಲ, ಅದಾಗಿ ಬರುತ್ತಿತ್ತು. "ಹೌದಬೇ, ಹಂಗ ಉಸರ ತಗೋತಿದ್ಲು, ನಿನಗ ಯಾರ ಹೇಳಿದ್ರು?" ಎಂದು ಶಮೀಮ್ ಒಮ್ಮೆ ಬೆರಗಾಗಿ ಕೇಳಿದಳು. ಯಾರೂ ಹೇಳಿರಲಿಲ್ಲ.

ಒಂದು ಸಲ ನಾವು ನಾಲ್ಕಾರು ಜನ ದುರ್ಗದಬೈಲಿಗೆ ಹೋದೆವು. ಬಳೆ ಅಂಗಡಿಯಲ್ಲಿ ನಾನು ಚೌಕಾಸಿ ಮಾಡಿದ ರೀತಿಗೆ ಅಂಗಡಿಯ ಹಿರಿಯರು ಖುಷಿಯಾಗಿ, "ಯಾವೂರವಾ ತಂಗಿ ನಿಂದು?" ಎಂದು ಕೇಳಿದರು.

"ಸುಳ್ಳರಿ ಕಾಕಾ," ಎಂದೆ.

ಗೆಳತಿಯರ ನಗು ನಿಂತುಹೋಯಿತು. ತಮಾಷೆಗೆ ಹೇಳಿದೆನೆಂದು ಅವರು ಅಂದುಕೊಂಡಿದ್ದರೆ ನಗುತ್ತಿದ್ದರು. ಕಮಲಾಳ ಊರು, ನಾನು ನೋಡದ ಊರು ಅದು. ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕರಿಮಣ್ಣಿನ ಹೊಲ, ಒಂದು ಬೇವಿನ ಮರ, ಕೆಳಗೆ ಹಾಸಿದ ಹಾಸಿಗೆ ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಕೊಳ್ಳೇಗಾಲ ಎಂಬ ಹೆಸರು ನೆನಪಾಗಲು ಬಸ್ಸು ಹತ್ತುವತನಕ ಹಿಡಿಯಿತು.

ಕಮಲಾ ಬಂದದ್ದು ಒಂದು ಸಂಜೆ, ಹಾಜರಿಗೆ ಸ್ವಲ್ಪ ಮೊದಲು. ಹಿಂದಿನ ಬಾಗಿಲಿನಿಂದ, ಬರಿಗಾಲಲ್ಲಿ, ಚೀಲ ಎದೆಗವುಚಿಕೊಂಡು. ದೊಡ್ಡಮ್ಮ ಬಂದಿದ್ದಳಂತೆ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹುಡುಗಿಗಿಂತ ಉದ್ದ, ಕಪ್ಪು, ಕೈಗೆಲ್ಲ ತಾಯಿಗೆ ತಿಕ್ಕಿದ ಎಣ್ಣೆಯ ವಾಸನೆ. ಶಮೀಮ್ ಅವಳನ್ನು ತಬ್ಬಿಕೊಂಡು ಅತ್ತಳು. ಕಮಲಾ ತನ್ನ ಮಂಚದ ಹತ್ತಿರ ಹೋಗಿ ಕೌದಿಯ ಮೇಲಿನ ಮೈಯಚ್ಚನ್ನು ನೋಡುತ್ತ ನಿಂತಳು. ಕೂರಲಿಲ್ಲ. ಯಾರೋ ಮಲಗಿದ್ದಾರೆ, ಎಬ್ಬಿಸುವುದು ಹೇಗೆ ಎನ್ನುವ ಹಾಗಿತ್ತು.

ಹಾಜರಿ ಶುರುವಾಯಿತು. ಎಲ್ಲರೂ ನಮ್ಮ ಬಾಗಿಲಿಗೆ ಬಂದರು, ಈ ಸಲ ನಗುನಗುತ್ತ.

"ಕಮಲಾ!"

"ಅದೀನ್ರಿ ಅಕ್ಕೋರ," ಎಂದಳು ಕಮಲಾ.

ಒಡೆದ, ದಪ್ಪನೆಯ ದನಿ. ತಾಯಿಗೆ ಕಿವಿಯೂ ಮಂದವಾಗಿ, ಹಗಲೆಲ್ಲ ಕೂಗಿ ಕೂಗಿ ಗಂಟಲು ಹರಿದಿತ್ತು.

ಕೆಳಗಿನಿಂದ ಅಕ್ಕೋರ ಸಿಟ್ಟಿನ ದನಿ ಬಂತು. "ಯಾರದು? ಇನ್ನೊಬ್ರ ಹೆಸರಿಗೆ ಓ ಅನ್ನಾಕ ನಾಚಿಕಿ ಬರಂಗಿಲ್ಲೇನು? ಕಮಲಾ ಎಲ್ಲಿ? ಏ ಕಮಲಾ!"

ಕುರ್ಚಿ ಕಿರುಗುಟ್ಟಿತು. ನಾನು ಯೋಚಿಸಲಿಲ್ಲ. ಕಮಲಾಳ ಪಕ್ಕದಲ್ಲೇ ನಿಂತು, ಅವಳ ಮುಖ ನೋಡುತ್ತಲೇ, ನನ್ನ ಬಾಯಿ ತಾನಾಗಿ ತೆರೆಯಿತು. ಆ ಉಸಿರು, ಆ ಎಳೆತ, ಆ ತುದಿ. "ಅದೀನ್ರಿ ಅಕ್ಕೋರ."

"ಹ್ಞಾಂ," ಎಂದರು ಅಕ್ಕೋರು. "ಇದು ನಮ್ಮ ಕಮಲಾ."

ಕಮಲಾ ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಲ್ಲ. ಕಳೆದುಹೋದ ಒಡವೆಯನ್ನು ಇನ್ನೊಬ್ಬರ ಕೊರಳಲ್ಲಿ ಕಂಡವಳ ನೋಟ.

"ನಾ ಅಂದ್ರ ನಾ ಅಲ್ಲಂತ," ಎಂದಳು ಕೊನೆಗೆ. "ನೀ ಅಂದ್ರ ನಾ ಅಂತ."

"ಕೆಳಗ ಹೋಗಿ ಮಾರಿ ತೋರಸಬೇ," ಎಂದಳು ಶಮೀಮ್.

"ಈ ಮಾರಿ ನೋಡಿದ್ರ, ಇಷ್ಟ ದಿನಾ ಎಲ್ಲಿದ್ದಿ ಅಂತ ಕೇಳ್ತಾರ." ಎಣ್ಣೆಯ ಕೈಯನ್ನು ಅವಳು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನನ್ನ ಮಂಚದ ಅಂಚಿಗೆ ಬಂದು ಕೂತು, ಆ ಒಡಕು ದನಿಯಲ್ಲಿ ಕೇಳಿದಳು: "ಕುಂದ್ರವಾ. ನಾ ಹೆಂಗ ಮಾತಾಡ್ತಿದ್ದೆ, ಸ್ವಲ್ಪ ಕಲಿಸು."

ಕಲಿಸಿದೆ. ದಿನವೂ ಕಾಲೇಜು ಬಿಟ್ಟ ಮೇಲೆ ಎದುರುಬದುರು ಕೂತು ನಾನು ಅವಳಂತೆ ಮಾತಾಡುವುದು, ಅದನ್ನು ಕೇಳಿ ಅವಳು ತನ್ನಂತೆ ತಾನು ಮಾತಾಡಲು ನೋಡುವುದು. ಗಂಟಲಿಗೆ ಬಿಸಿನೀರು, ಜ್ಯೇಷ್ಠಮಧು. ಬೇಸರವಾದಾಗ ಅವಳು ಆಟಕ್ಕೆ "ಇವ್ನಿ ಕನ್ರವ್ವೋ!" ಎಂದು ನನ್ನ ಕೂಗನ್ನು ಕೂಗುತ್ತಿದ್ದಳು. ಒಡೆದ ದನಿಗೆ ಅದು ಚೆನ್ನಾಗಿ ಕೂರುತ್ತಿತ್ತು. ತನ್ನ ದನಿಗಿಂತ ಬೇಗ ಅವಳಿಗೆ ನನ್ನದು ಬಂತು. ಕೊನೆಗೊಂದು ಸಂಜೆ ಕಮಲಾ ತಾನೇ ಓಗೊಟ್ಟಳು, ಅಕ್ಕೋರು ಒಪ್ಪಿದರು. ಮಂಚ ಉಳಿಯಿತು. ಹುಡುಗಿಯರೆಲ್ಲ ಮಿರ್ಚಿ ಬಜ್ಜಿ ತರಿಸಿ ತಿಂದರು. ನನಗೇಕೋ ಆ ಸಂಜೆ ಮೈ ಹಗುರಾಗಿ, ಬಟ್ಟೆ ಸಡಿಲವಾದಂತೆ ಅನ್ನಿಸುತ್ತಿತ್ತು.

ರಜೆಗೆ ಊರಿಗೆ ಬಂದೆ. ನಿಮ್ಮಲ್ಲಿ ಕೆಲವರು ಆಗ ನನ್ನನ್ನು ಕಂಡಿದ್ದೀರಿ, ಅಜ್ಜಿ ಹಾಸಿಗೆ ಹಿಡಿದಿದ್ದ ಸಮಯ. ಪೊರೆ ಬಂದು ಅವಳ ಕಣ್ಣು ಪೂರಾ ಹೋಗಿತ್ತು. ಓಡಿಹೋಗಿ ಕೈ ಹಿಡಿದು, "ಅಜ್ಜಿ, ಆರಾಮಿಲ್ಲೇನು? ಯಾವಾಗಿಂದ ಹಿಂಗ ಮಕ್ಕೊಂಡೀ?" ಎಂದೆ.

ಅಜ್ಜಿ ಕೈ ಬಿಡಿಸಿಕೊಂಡಳು. "ಯಾರವ್ವ ನೀನು? ಯಾವ ಕಡೆಯೋಳು?"

"ನಮ್ ಮಾದಿ ಕನತ್ತೆ," ಎಂದಳು ಅಮ್ಮ.

"ಸುಮ್ನಿರು. ಮಾದಿ ದನಿ ನಂಗೊತ್ತಿಲ್ವಾ? ನಾನೇ ಕಲ್ಸಿದ್ದು."

ನಮ್ಮ ಮಾತನ್ನು ಬಾಯಿಗೆ ತರಲು ನೋಡಿದೆ. ಪದಗಳು ಬಂದವು, ಆದರೆ ಯಾರೋ ಕಲಿತು ಆಡಿದ ಹಾಗೆ ಬಂದವು. ಅಜ್ಜಿಗೆ ಅದು ಇನ್ನೂ ಅನುಮಾನ ತರಿಸಿತು. ಉಪಚಾರಕ್ಕೆ ಬಂದ ದೂರದ ಹುಡುಗಿ ಎಂದುಕೊಂಡು ಗಂಜಿ ಕುಡಿಸಿಕೊಂಡಳು. "ಒಳ್ಳೆ ಕೈ ಕನವ್ವ ನಿಂದು. ನಿಮ್ಮವ್ವ ಪುಣ್ಯ ಮಾಡಿದ್ಲು," ಎನ್ನುತ್ತಿದ್ದಳು. ಅವಳನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಲಾರದೆ ಉಳಿದೆ. ರಜೆ ಮುಗಿಯಿತು. ಹಾಸ್ಟೆಲಿನ ಮಂಚದಲ್ಲಿ ನನಗಿಂತ ಮೊದಲು ಮಲಗಿದ್ದ ರೇಣುಕಾ ನೆನಪಾದಳು. ಈಗ ನನ್ನ ಮಂಚಕ್ಕೂ ಯಾರದೋ ಟ್ರಂಕು ಬಂದು ಕೂತಿರುತ್ತದೆ ಎಂದುಕೊಂಡೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಶಮೀಮಳ ಫೋನು ಬಂತು. "ಸ್ಪೀಕರ್ ಹಾಕು. ಮಾತಾಡಬ್ಯಾಡ, ಬರೇ ಕೇಳು," ಎಂದಳು. ಫೋನನ್ನು ಅಜ್ಜಿಯ ಹಾಸಿಗೆಯ ಮೇಲಿಟ್ಟೆ. ದೂರದ ಅಂಗಳದಲ್ಲಿ ಅಕ್ಕೋರು ಹೆಸರು ಕೂಗುತ್ತಿದ್ದರು. ಬಾಗಿಲುಗಳಿಂದ ದನಿಗಳು ಇಳಿಯುತ್ತಿದ್ದವು. ಕಮಲಾ ತನ್ನ ಹೆಸರಿಗೆ ಓಗೊಟ್ಟಳು. ಆಮೇಲೆ:

"ಮಾದೇವಿ!"

"ಇವ್ನಿ ಕನ್ರವ್ವೋ!"

ನನ್ನ ದನಿ. ಹೊಲದ ಆಚೆ ದಿಂಡಿಗೆ ಕೇಳುವ ಕೂಗು. ನನ್ನ ಚಪ್ಪಲಿ ಈಗ ಎಡಕ್ಕಿವೆಯೋ ಬಲಕ್ಕೋ, ನನ್ನ ಯಾವ ಬಟ್ಟೆ ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತಿದೆಯೋ ಎಂದು ಯೋಚಿಸುವಷ್ಟರಲ್ಲಿ, ದಿನಗಟ್ಟಲೆ ತಲೆ ಎತ್ತದ ಅಜ್ಜಿ ಎದ್ದು ಕೂತಳು.

"ಅಗೋ, ನಮ್ ಮಾದಿ!" ಎಂದಳು ಫೋನಿನ ಕಡೆ ಕೈ ಚಾಚಿ. "ಅಲ್ಲೇ ಇದ್ದೀಯಾ ಮಗಾ? ಉಂಡ್ಯಾ? ಯಾವಾಗವ್ವಾ ಬತ್ತೀಯೆ?"

ಆ ಕಡೆಯಿಂದ ಒಂದು ಉಸಿರು ಬಂತು. ನನ್ನದೇ ಉಸಿರು.

"ಬತ್ತೀನಿ ಕನಜ್ಜಿ," ಎಂದಿತು ಫೋನು.

ಅಜ್ಜಿಯ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದ ನನ್ನ ಕೈಯನ್ನು ಹುಡುಕಿ ಹಿಡಿದು, ಮೆಲ್ಲಗೆ ಒತ್ತಿದಳು.

"ಕೇಳುದ್ಯಾ ತಾಯಿ? ನನ್ ಮೊಮ್ಮಗಳು ಬತ್ತಾಳಂತೆ."

"ಹೌದ್ರಿ ಅಜ್ಜಿ," ಎಂದೆ. "ಬರ್ತಾಳ."